ಉಪ್ಪುನೀರಿನ ಹೊತ್ತು

ಗೋಡೆಯ ಗಡಿಯಾರ ನಿಂತು ಎಂಟು ದಿನವಾಗಿತ್ತು.
ಸೆಲ್ಲು ತರುವುದು ಮರೆತೆ ಎನ್ನುತ್ತಿದ್ದೆ; ಮರೆತದ್ದಲ್ಲ,
ಅಂಗಡಿಯಲ್ಲಿ ಹಳೇ ಬಾಕಿಯಿತ್ತು.
ಮೊಬೈಲು ಚಾರ್ಜರ್ ಸುಟ್ಟ ದಿನದಿಂದ ಕಣ್ಣು ಬಿಟ್ಟಿಲ್ಲ.
ಪಕ್ಕದ ಮನೆಯ ಬುಡೇನ್‌ಸಾಬ್
ಬಾಗಿಲು ಬಡಿದು ಎಬ್ಬಿಸುವುದು, ನಾನು ಭಟ್ಟಿಗೆ ಓಡುವುದು.

ಮುಬೀನಾ, ನನ್ನ ಮಗಳು, ಏಳನೇ ಕ್ಲಾಸು,
"ಅಬ್ಬಾ, ಭಟ್ಟಿಯಿಂದ ಇದ್ದಿಲು ತಾ" ಅಂದಳು,
"ಪೂರ್ತಿ ಬೆಂದದ್ದು, ಹೊಗೆ ಬಿಟ್ಟದ್ದು."
ಹಲ್ಲುಜ್ಜಲಿಕ್ಕೇನೋ ಅಂದುಕೊಂಡೆ.
ಒಲೆಯ ಬಾಯಿಂದ ಜಾಲಿಕಟ್ಟಿಗೆಯ ಕೆಂಡ ನಾಲ್ಕು ಎಳೆದು
ಆರಿಸಿ, ಟವೆಲಿನಲ್ಲಿ ಗಂಟು ಕಟ್ಟಿ ತಂದೆ.

ರಾತ್ರಿ ಉಂಡ ಚಾಪೆ ಮಡಿಸುವ ಮೊದಲೇ
ಮಸಾಲೆ ಕುಟ್ಟುವ ಕಲ್ಲಲ್ಲಿ ಇದ್ದಿಲು ಪುಡಿಯಾಯಿತು.
ಅದಕ್ಕೆ ಅವಳಮ್ಮ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.
ಹರಿಹರದ ಮದುವೆಯಿಂದ ಬಂದ ಬಿರಿಯಾನಿ
ಸುತ್ತಿದ್ದ ಬೆಳ್ಳಿಬಣ್ಣದ ಹಾಳೆ,
ತೊಳೆದು, ಉಗುರಿನಿಂದ ಸುಕ್ಕು ತೀಡಿದ್ದು;
ನನ್ನ ಹಳೇ ಬನಿಯನ್ನಿನ ಎರಡು ತುಂಡು;
ಸತ್ತ ಚಾರ್ಜರಿನ ಕರುಳು ಬಗೆದು ತೆಗೆದ ತಾಮ್ರದೆಳೆ;
ಒಂದು ಲೋಟ ನೀರು, ಮೂರು ಚಮಚ ಉಪ್ಪು.

"ಇನ್ನು ಕರಗಲ್ಲ ಅನ್ನೋವರೆಗೂ ಹಾಕಬೇಕಂತೆ,
ಕೊಟ್ರಮ್ಮ ಟೀಚರ್ ಹೇಳಿದ್ದು."
ಅದು ನನಗೆ ಗೊತ್ತು.
ಇಪ್ಪತ್ತೆರಡು ವರ್ಷದಿಂದ ಅಕ್ಕಿಗೆ ಉಪ್ಪುನೀರು ಕುಡಿಸುವವನು ನಾನು;
ದಾವಣಗೆರೆಯಲ್ಲಿ ಮಂಡಕ್ಕಿಯ ಜೊತೆ ಮಿರ್ಚಿ ಕಚ್ಚಿದವರೆಲ್ಲ
ಒಂದಲ್ಲ ಒಂದು ಸಂಜೆ ನನ್ನ ಉಪ್ಪು ಉಂಡವರು.
ಬೆರಳದ್ದಿ ನಾಲಗೆಗಿಟ್ಟು ಹೇಳಿದೆ: ಸಾಲದು, ಇನ್ನೊಂಚೂರು.
ಬೆರಳ ಬಿರುಕು ಎಂದಿನಂತೆ ಚುರ್ ಅಂದಿತು.
ಅವಳು ನನ್ನನ್ನು, ಮೊದಲ ಸಲ,
ಪಾಠ ಬಲ್ಲವನ ಹಾಗೆ ನೋಡಿದಳು.

ಕೆಳಗೆ ಹಾಳೆ, ಅದರ ಮೇಲೆ ಒದ್ದೆ ಬಟ್ಟೆ,
ಬಟ್ಟೆಯ ಮೇಲೆ ಕಪ್ಪು ಪುಡಿ, ಪುಡಿಯೊಳಗೆ ತಂತಿ.
"ಹಾಳೆ, ಇದ್ದಿಲು ಒಂದನ್ನೊಂದು ಮುಟ್ಟಬಾರದು ಅಬ್ಬಾ,
ಮುಟ್ಟಿದರೆ ಕೆಟ್ಟಿತು.
ಏನಿದ್ದರೂ ನಡುವಿನ ಒದ್ದೆಯ ಮೂಲಕವೇ ಮಾತು."
ಬೀಗರ ಮನೆಯಲ್ಲೂ ಹೀಗೇ, ಎಂದು
ಅವಳಮ್ಮ ಒಳಗಿಂದ ನಕ್ಕಳು.

ಒಂದಕ್ಕೆ ಗಡಿಯಾರ ಬಗ್ಗಲಿಲ್ಲ.
ಮುಳ್ಳು ಒಮ್ಮೆ ನಡುಗಿ,
ಏಳಲು ನೋಡಿದ ಜ್ವರದವನಂತೆ ಮತ್ತೆ ಮಲಗಿತು.
ಇನ್ನೊಂದು ಕಟ್ಟಿದಳು. ಇದರ ಇದ್ದಿಲಿಂದ ಅದರ ಹಾಳೆಗೆ ತಂತಿ.
ಎರಡರ ಮೇಲೂ ಅಂಗೈ ಒತ್ತಿ ಕೂತಳು,
ರೊಟ್ಟಿ ಬಡಿಯುವವಳ ಮುಖ.

ಟಿಕ್.
ಮೂವರೂ ಉಸಿರು ಬಿಡಲಿಲ್ಲ.
ಟಿಕ್. ಟಿಕ್.
ಭಟ್ಟಿಯ ಮಸಿ, ನನ್ನ ಬನಿಯನ್ನು, ಯಾರದೋ ಮದುವೆಯ ಹಾಳೆ
ಕೂಡಿಕೊಂಡು ಹೊತ್ತು ದೂಡುತ್ತಿದ್ದವು!
ಎರಡರ ಮೇಲೂ ಕಲ್ಲು ಹೇರಿದಳು.
ನಾನು ಗೋಡೆಯಾಚೆ ಕೂಗಿದೆ:
ಬುಡೇನ್, ನಾಳೆಯಿಂದ ಬಡಿಯಬೇಡಪ್ಪಾ.

ಆ ಸಂಭ್ರಮದಲ್ಲಿ
ಮುಳ್ಳು ತಿರುಗಿಸಿ ಸರಿ ಮಾಡಲು ಯಾರಿಗೂ ನೆನಪಾಗಲಿಲ್ಲ.

ಮೂರೂವರೆ ಕಂಡು ಎದ್ದೆ, ಹೊರಟೆ.
ನಾಯಿಗಳು ತಲೆಯೆತ್ತಿ, ಇವನೇ ಎಂದು ಮತ್ತೆ ಮಲಗಿದವು.
ಓಣಿಯ ಒಂದು ಚಿಮಣಿಗೂ ಹೊಗೆಯಿಲ್ಲ.
"ಈಗಿನ್ನೂ ಒಂದೂವರೆ, ದಸ್ತಗೀರಾ,
ನಿದ್ದಿಗಣ್ಣಾಗ ಬಂದೀಯೇನು?" ಅಂದ ಕಾವಲಿನವ.

ವಾಪಸು ಹೋಗಲಿಲ್ಲ.
ಬಾಣಲೆಯ ಮರಳೊಳಗೆ ಕೈಯಿಟ್ಟು ಕೂತೆ.
ಈ ಮರಳು ತಣ್ಣಗೂ ಇರುತ್ತದೆಂದು
ಇಷ್ಟು ವರ್ಷ ತಿಳಿದಿರಲಿಲ್ಲ.
ಎಂದೋ ಹೊಳೆಯದಾಗಿದ್ದದ್ದು. ನುಣ್ಣಗೆ
ಬೆರಳ ಸಂದಿಯಿಂದ ಸೋರಿತು, ಸುಡಲಿಲ್ಲ.
ಮತ್ತೆ ತುಂಬಿಕೊಂಡೆ, ಮತ್ತೆ ಸೋರಿಸಿದೆ,
ಬೇರೆಯವರ ಚಪ್ಪಲಿ ಸದ್ದು ಕೇಳುವವರೆಗೂ.

ಮಧ್ಯಾಹ್ನ ಬಂದರೆ ಗಡಿಯಾರ ನಿಂತಿತ್ತು, ಬಟ್ಟೆ ಒಣಗಿತ್ತು.
ಮುಬೀನಾ ಹಾಳೆ ಬಿಡಿಸಿ ಕಿಟಕಿಗೆ ಹಿಡಿದಳು:
ಮೈತುಂಬ ಸೂಜಿತೂತು,
ಒಂದೊಂದರಲ್ಲೂ ಒಂದು ಚುಕ್ಕಿ ಬಿಸಿಲು.
"ಇದನ್ನೇ ತಿಂದು ಓಡಿದ್ದು, ನೋಡು."
ನಾನು ಬೆರಳು ಮಡಚಿಕೊಂಡೆ.
ಅವಳಾಗಲೇ ಲೋಟ ತೊಳೆಯುತ್ತಿದ್ದಳು.
"ಅಬ್ಬಾ, ಇನ್ನು ಯಾರದು ಮದುವೆ ನಮ್ಮ ಓಣಿಯಲ್ಲಿ?"